ನಾಲ್ಕು ಅಂಗೈ

ಉಲಾನ್‌ಬಾತರ್, ಅಕ್ಟೋಬರಿನ ಕೊನೆ ವಾರ.
ಟೈರ್ ಸಂತೆಯಲ್ಲಿ ನಿಂತಿದ್ದೇನೆ, ಬಾಯಿಯ ಹಬೆ ಕನ್ನಡಕಕ್ಕೆ ಕಟ್ಟಿ.
ಕಂಟೇನರುಗಳ ಸಾಲು; ಒಂದೊಂದರ ಬಾಯಲ್ಲೂ
ಬಳೆಯ ಮಲಾರದಂತೆ ಪೇರಿಸಿಟ್ಟ ಕರಿ ಟೈರು.

ನನ್ನದು ಹದಿನೇಳು ವರ್ಷದ ಹೈಬ್ರಿಡ್,
ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು.
ಸ್ಟೀರಿಂಗ್ ಬಲಕ್ಕೆ, ನಾವು ಓಡಿಸುವುದೂ ಬಲಕ್ಕೆ;
ಎದುರಿಗೆ ಲಾರಿ ಇದೆಯೇ ಎಂದು
ಪಕ್ಕದ ಸೀಟಿನವರನ್ನು ಕೇಳಬೇಕು.
ಯಾರೂ ಇಲ್ಲದ ದಿನ ಮುಂದಿನ ಲಾರಿಯ ಹೊಗೆ ಕುಡಿದುಕೊಂಡೇ ಹೋಗುತ್ತೇನೆ.

ಆದರೂ ಲೀಟರಿಗೆ ಇಪ್ಪತ್ತೆರಡು!
ಖಾನೆಯಲ್ಲೊಂದು ನೀಲಿ ನೋಟುಪುಸ್ತಕ:
ತಾರೀಖು, ಕಿಲೋಮೀಟರು, ಲೀಟರು, ಭಾಗಿಸಿ ಬಂದದ್ದು.
ಹೆರಿಗೆಗಳ ಲೆಕ್ಕ ಆಸ್ಪತ್ರೆ ಇಡುತ್ತದೆ,
ಈ ಲೆಕ್ಕ ಮಾತ್ರ ನನ್ನದು.

ದೋರ್ಜ್‌ಪಲಮ್ ಎರಡು ಟೈರು ಉರುಳಿಸಿ ತಂದ.
"ಇದು ಗಟ್ಟಿ. ಹಗುರಾಗಿ ಉರುಳುತ್ತೆ. ನಿಮ್ಮ ಇಪ್ಪತ್ತೆರಡು ಕದಲಲ್ಲ.
ಇದು ಮೆತ್ತಗೆ, ಚಳಿಗಾಲದ್ದು. ಸ್ವಲ್ಪ ಕುಡುಕ."
"ಎಷ್ಟು ಕುಡಿಯುತ್ತೆ?"
"ಲೀಟರಿಗೆ ಎರಡು ಕಿಲೋಮೀಟರು ಮರೆತುಬಿಡಿ."

ಎರಡು.
ಆ ಎರಡಕ್ಕಾಗಿ ಏನೆಲ್ಲ ಮಾಡಿಲ್ಲ ನಾನು:
ಇಳಿಜಾರಿನಲ್ಲಿ ಬ್ರೇಕನ್ನು ಮಲಗಿದ ಕೂಸಿನ ಕೆನ್ನೆಯಂತೆ ಮುಟ್ಟಿ,
ಹೀಟರ್ ಆರಿಸಿ, ತೊಡೆಗೆ ಕಂಬಳಿ ಸುತ್ತಿ,
ಭಾರ ಇಳಿಯಲೆಂದು ಡಿಕ್ಕಿಯ ಜ್ಯಾಕನ್ನೂ ಮನೆಯಲ್ಲಿಟ್ಟು
(ಅದೇ ವಾರ ಪಂಕ್ಚರ್. ಆ ಮಾತು ಬೇಡ).

ಮೆತ್ತನೆಯದರ ಪಕ್ಕೆಯಲ್ಲಿ ನಾಲ್ಕು ಅಂಕಿ.
"ಮೊದಲೆರಡು ಹುಟ್ಟಿದ ವಾರ, ಆಮೇಲಿನದು ವರ್ಷ."
ಬೆರಳಿನಿಂದ ಮಣ್ಣು ಒರೆಸಿದೆ: ಮೂವತ್ತೆಂಟು.
ದಿನ ತುಂಬಿದ್ದೇ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಉಗುರೊತ್ತಿ ನೋಡಿ ಅಂದ.
ಒಂದು ಜಗ್ಗಲಿಲ್ಲ. ಇನ್ನೊಂದು ಒಳಗೆ ಬಿಟ್ಟುಕೊಂಡು
ಮತ್ತೆ ಮೊದಲಿನಂತಾಯಿತು.
"ಮೈನಸ್ ಮೂವತ್ತರಲ್ಲಿ ಆ ಗಟ್ಟಿಯದು ಕಲ್ಲು, ಅಕ್ಕಾ.
ಇಡೀ ಕಾರು ನೆಲ ಮುಟ್ಟುವುದು ಇಷ್ಟೇ,"
ಗ್ರೀಸು ಮೆತ್ತಿದ ಕೈ ಬಿಚ್ಚಿ ತೋರಿಸಿದ,
"ಚಕ್ರಕ್ಕೊಂದು ಅಂಗೈ."

ಹೋದ ಜನವರಿ. ಚಿಂಗೆಲ್ಟೇ ಗುಡ್ಡದ ಗೆರ್ ಕೇರಿ.
ಏರಿನ ನಡುವೆ ಕಾರು ನಿಂತಿತು, ಯೋಚಿಸಿತು,
ಆಮೇಲೆ ಹಿಂದಕ್ಕೆ ಜಾರತೊಡಗಿತು,
ಬ್ಯಾಟರಿಯ ಮೇಲಿತ್ತು, ಒಂದು ಸದ್ದಿಲ್ಲ,
ದೊಡ್ಡವರ ಎದುರಿನಿಂದ ಹಿಂದೆ ಸರಿಯುವ ಸೊಸೆಯಂತೆ.
ಬೇಲಿಗೆ ಒರಗಿತು. ಚೀಲ ಹೊತ್ತು ಹತ್ತಿದೆ.
ನಾನು ಮುಟ್ಟುವಾಗ ಕೂಸು ಅಜ್ಜಿಯ ಕೈಗೇ ಬಂದಿತ್ತು.
"ನೀನು ಬರುವವರೆಗೆ ತಾಳು ಅಂದೆ," ಅಂದಳು ಅಜ್ಜಿ,
"ಕೇಳಲಿಲ್ಲ."
ಆ ದಿನದ ಪುಟದಲ್ಲಿ ಬರೆದಿದ್ದೇನೆ:
ಹದಿನೆಂಟೂವರೆ. ಚಳಿಗಾಲಕ್ಕೆ ಒಳ್ಳೆಯದೇ.

"ಎರಡು ಮೆತ್ತಗಿನದು ಸಾಕು, ಮುಂದಕ್ಕೆ."
"ಹೆರಿಗೆಗೆ ಒಂದೇ ಕೈ ಹಾಕುತ್ತೀರಾ?"
ಹೊಸ ಬೂಟಿಗೆಂದು ತೆಗೆದಿಟ್ಟ ತುಗ್ರುಗ್ ನೋಟುಗಳೂ ಹೋದವು.
ನಾಲ್ಕೂ ಕಟ್ಟಿಸಿದೆ.

ಈಗ ಒಣ ರಸ್ತೆಯಲ್ಲಿ ಗುಂಯ್ ಎನ್ನುತ್ತ ಓಡುತ್ತದೆ,
ಸದ್ದಿಲ್ಲದ ನನ್ನ ಕಾರು ಜೇನುಗೂಡಾಗಿದೆ.
ಪುಸ್ತಕದಲ್ಲಿ ಹತ್ತೊಂಬತ್ತು ಮುಕ್ಕಾಲು.
ಎರಡನೇ ಸಲ ಭಾಗಿಸಿದೆ, ಅಷ್ಟೇ ಬಂತು.
ಆಕಾಶ ನೀಲಿ, ಒಂದು ಮೋಡವಿಲ್ಲ.
ಹಿಮ ಯಾವಾಗ ಬಿದ್ದೀತೆಂದು ಕಾಯುತ್ತಿರುವುದು
ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.