ಹತ್ತೂವರಿ ಸೂತು

ರೇಡಿಯೇಟರ್ ಇಳಿಸಿ ಗ್ವಾಡಿಗೆ ಆನಿಸಿಟ್ಟೆ.
ಆಗ ಅಂವ ಎದುರಿಗೆ ಕಂಡ:
ಕ್ರ್ಯಾಂಕಿನ ಮೂಗಿನ ಮ್ಯಾಲೆ ಕುಂತ
ಹತ್ತೂವರಿ ಸೂತಿನ ನಟ್ಟು.
ಆರು ಮಾರಿ, ಒಂದಕ್ಕೂ ನಗಿ ಇಲ್ಲ.

ಗಾಡಿ ಮೇಹರವಾಡೆ ಸಾವಕಾರರದು.
ಎರಡ ಸೀಟಿನ ಎಂ.ಜಿ., ಎಲಿಹಸರ,
ಅವರಪ್ಪ ಮುಂಬೈಲಿಂದ ಹೊಡಕೊಂಡ ಬಂದದ್ದು.
ಆವತ್ತ ಸ್ಟೇಶನ್ ರೋಡಿನ ಪೊಲೀಸಪ್ಪ
ಸೀಟಿ ಬಾಯಾಗಿಟ್ಟು ಊದೂದ ಮರತನಂತ.
ಈಗ ಮುಂದಿನ ಸೀಲು ಸೋರತೈತಿ,
ಫರಸಿ ಮ್ಯಾಲೆ ರಾತ್ರಿಗೊಂದು ಕರೀ ರೊಟ್ಟಿ.

ಸೀಲು ಅಂದ್ರ ಏನ್ರೀ, ಅಂಗೈಯಷ್ಟು ರಬ್ಬರು.
ಅದರ ತನಕ ಹೋಗಬೇಕಂದ್ರ
ಬಾಗಲದಾಗ ಈ ಮಾರಾಯ.

ಮೊದಲನೇ ದಿನ ಪ್ರೀತಿಲೆ.
ಮಸಿಯೊಳಗ ತಡಕಿ ವಾಶರಿನ ಕಿವಿ ಎಬ್ಬಿಸಿದೆ,
ಡಿಸೇಲು, ಚೂರು ಚಿಮಣಿ ಎಣ್ಣಿ ಕುಡಿಸಿದೆ,
ಸಣ್ಣ ಸುತ್ತಗಿಲೆ ತಟ್ಟಿದೆ,
ಹಾಲು ಕುಡದ ಕೂಸಿನ ಬೆನ್ನು ತಟ್ಟಿದಂಗ.
ಟಾಪ್ ಗೇರ್ ಹಾಕಿ, ಯಮನೂರನ್ನ ಬ್ರೇಕಿನ ಮ್ಯಾಲೆ ನಿಲ್ಲಿಸಿ
ಎಳದೆ.
ಗಾಡಿ ಬಗ್ಗಿತು. ನಾ ಬಗ್ಗಿದೆ. ಅಂವ ಬಗ್ಗಲಿಲ್ಲ.

ಎರಡನೇ ದಿನ ಸಿಟ್ಟಿಲೆ.
ರೇಲ್ವೆ ವರ್ಕಶಾಪಿನ್ಯಾಗ ಲೇಥ್ ಹಿಡದು ಮುಪ್ಪಾದ
ಪರಸಪ್ಪ ಮಾಡಿಕೊಟ್ಟ ಸಾಕೆಟ್ಟು,
ಬೋರವೆಲ್ಲಿನವರ ಕಡೆ ಇಸಗೊಂಡ ನಾಕ ಫೂಟಿನ ಪೈಪು.
ಸಾಕೆಟ್ಟು ಸೀಳಿತು, ಬಂದೂಕ ಹಾರಿದಂಗ.
ಗಿರ್ಮಿಟ್ಟ ತಿನ್ನಾಕತ್ತ ಯಮನೂರ
ಚುರಮುರಿ ಚೆಲ್ಲಿ ಎದ್ದು ನಿಂತ.

ಸಾವಕಾರರು ಚಷ್ಮಾ ಒರಸಿಕೋತ ಅಂದ್ರು:
"ಇಂಗ್ಲಿಶರು ನೋಡ್ರಿ, ಕೆಲಸ ಅಂದ್ರ ಕೆಲಸ.
ಬಿಗದರ ಅರವತ್ತ ವರ್ಷ ಅಲಗ್ಯಾಡಂಗಿಲ್ಲ."
ಹೌದ್ರೀ ಅಂದೆ.

ಅವರು ಹೋದ ಮ್ಯಾಲೆ ಮಸಿ ಒರಸಿ, ಬ್ಯಾಟರಿ ಹಿಡದೆ.
ವಾಶರು ಇಂಗ್ಲಿಶರದಲ್ಲ.
ಬ್ಯಾರಲ್ ತಗಡು, ಅಂಚಿಗೆ ಇನ್ನೂ ನೀಲಿ ಬಣ್ಣ,
ಕಿವಿ ಎರಡೂ ಸೊಟ್ಟ.
ಅಷ್ಟು ಸೊಟ್ಟ ಕತ್ತರಿಸಾಂವ
ಈ ಹುಬ್ಬಳ್ಳ್ಯಾಗ ಒಬ್ಬನ ಇದ್ದ.

ಹದಿನೇಳು ವರ್ಷ ಅವಗ.
ಗಿರಣಿ ಚಾಳದ ಹಿಂದ ದಸ್ತಗೀರ ಉಸ್ತಾದರ ಶೆಡ್ಡು.
ಒಂದು ಸ್ಟಡ್ ಮುರದದ್ದಕ್ಕ,
ಗಿರಾಕಿ ಎದುರಿಗೆ, ಚಾ ತಂದ ಹುಡುಗನ ಎದುರಿಗೆ,
ಉಸ್ತಾದರು ಕಪಾಳಕ್ಕ ಹೊಡದ್ರು.
ನಾ ಏನೂ ಅನಲಿಲ್ಲ. ಪೈಪು ತಗೊಂಡೆ.
ಗಿರಣಿ ಭೋಂಗಾ ಆಗೂತನಕ ಬಿಗದೆ,
ಪೈಪಿಗೆ ಪೈಪು ಸಿಗಿಸಿ ಬಿಗದೆ,
ಉರಿಯೂ ಗಲ್ಲ ಭುಜಕ್ಕ ಒತ್ತಿ ಬಿಗದೆ,
ಬಿಚ್ಚು ಬಾ ಇನ್ನ, ಮುದಕಾ, ಅಂತ
ಮನಸಿನ್ಯಾಗ ಅನಕೋತ ಬಿಗದೆ.

ಮೂವತ್ತೇಳು ವರ್ಷಕ್ಕ ಬಂದಾನ ಮುದಕ,
ಬಿಳೀ ಗಡ್ಡ, ರಟ್ಟಿಗೆ ಮುಲಾಮು.
ನಾನ.

ಮೂರನೇ ದಿನ ಯಮನೂರನ್ನ ಚಾಕ್ಕ ಕಳಿಸಿದೆ.
ಗ್ಯಾಸ್ ಹಚ್ಚಿ, ಕೆಂಪಾಗೂಕಿಂತ ಮೊದಲ ಉರಿ ತಗದು
ಮೋಂಬತ್ತಿ ಮುಟ್ಟಿಸಿದೆ. ಮೇಣ ಕರಗಿ
ಥ್ರೆಡ್ಡಿನ ಗುಂಟ ದಾರಿ ಕೇಳಿಕೋತ ಒಳಗಿಳೀತು.
ಆಮ್ಯಾಲೆ ಉಸ್ತಾದರು ಕಲಿಸಿದ್ದು,
ಹೊಡದ ಮರುದಿನ, ಮಾರಿ ನೋಡದ ಕಲಿಸಿದ್ದು:
ಬಿಚ್ಚೂಕಿಂತ ಮೊದಲ ಕೂದಲೆಳಿಯಷ್ಟು ಬಿಗಿ.
ಬಿಗದೆ. ಅದ ಸಿಟ್ಟಿನ ದಿಕ್ಕಿಗೆ ಇನ್ನೊಂದ ಸಲ,
ಕೂದಲೆಳಿಯಷ್ಟು.
ಉಲ್ಟಾ ಎಳದೆ.

ಕಿರ್‌ ಅಂತು. ಅಷ್ಟ.
ಮುಂದ ಬೆರಳಿಲೆ ತಿರುಗಿತು, ಉಪ್ಪಿನಕಾಯಿ ಭರಣಿ ಮುಚ್ಚಳದಂಗ.

ಸಂಜಿಗೆ ಬಿಲ್ಲು: ಸೀಲು, ಆಯಿಲು, ಹೊಸಾ ವಾಶರು.
"ನಟ್ಟಿನ ಕೂಲಿ ಎಲ್ಲೈತಿ ಫಕ್ಕೀರಪ್ಪಾ?
ಮೂರ ದಿನ ಅದಕ ಹೋತಲ್ಲ?"
ಅದು ಹಳೇ ಬಾಕಿ ರೀ ಅಂದೆ.
ಸಾವಕಾರರಿಗೆ ತಿಳೀಲಿಲ್ಲ, ರೊಕ್ಕ ಎಣಿಸಿದ್ರು.

ಕಸಾ ಹೊಡಿಯೂಮುಂದ ಯಮನೂರ
ಸೊಟ್ಟ ತಗಡ ಎತ್ತಿ ಹಿಡದ, ಹಲ್ಲು ಕಿಸದ:
"ಯಾಂವ ರೀ ಇದನ್ನ ಕತ್ತರಿಸಿದಾಂವ?
ಕಣ್ಣಿರಲಿಲ್ಲೇನು ಅವಗ?"

ಕೈ ಎದ್ದಿತು, ತಾನ ಎದ್ದಿತು.
ಮ್ಯಾಲೆ ಹೋದದ್ದು
ತಲಿ ಕೆರಕೊಂಡು ಕೆಳಗ ಬಂತು.