ಸರಾಸರಿ

ಬನಹಟ್ಟಿಯ ಮಗ್ಗದ ಓಣಿ,
ಬಿಲ್ಲಿನ ಯಂತ್ರ ಕೊರಳಲ್ಲಿ,
ಇದು ನಲವತ್ತೊಂದನೆಯ ಬಾಗಿಲು.
ಸಕ್ರವ್ವನ ಮನೆಯಲ್ಲಿ ಒಂದೇ ಬಲ್ಬು,
ಅದೂ ರೊಟ್ಟಿ ಬಡಿದು ಮುಗಿಯುವತನಕ.

"ತಮ್ಮಾ, ನನಗೆಷ್ಟು ಪುಕ್ಕಟ?"
ಹೋದ ವರ್ಷ ಸುಟ್ಟದ್ದರ ಸರಾಸರಿ, ಮೇಲೊಂದಿಷ್ಟು.
ಇಪ್ಪತ್ತೇಳು ಯೂನಿಟ್ಟಬೇ.
"ಆ ಕಡೀಮನಿ ಈರಬಸಪ್ಪಗ?"
ನೂರಾ ಎಪ್ಪತ್ತು.

ಲಡಿ ಬಿಡಿಸುತ್ತಿದ್ದ ಕೈ ನಿಲ್ಲಲಿಲ್ಲ.
"ಅಂದ್ರ ಸುಟ್ಟಾಂವಗ ಹೆಚ್ಚು,
ಉಳಿಸಿದಾಕಿಗೆ ಉಳಿಸಿದಷ್ಟ."

ಹುಬ್ಬಳ್ಳಿಯ ತರಬೇತಿ ನೆನಪಾಯಿತು:
ಜಪಾನಿನಲ್ಲಿ ಬೇಸಿಗೆ ಬಂತೆಂದರೆ
ಸಾಹೇಬರು ಟೈ ಬಿಚ್ಚುತ್ತಾರೆ,
ಎ.ಸಿ. ಇಪ್ಪತ್ತೆಂಟರ ಕೆಳಗಿಳಿಯದು.
ಜರ್ಮನಿಯಲ್ಲಿ ಬಾಲ್ಕನಿಯ ಕಂಬಿಗೇ ಸೋಲಾರ್ ಹಲಗೆ,
ಸೀರೆ ಒಣಹಾಕಿದ ಹಾಗೆ.
ಪರದೆ ನೋಡುತ್ತ ನಾವು
ಹಾಲಿನ ಎ.ಸಿ.ಗೆ ನಡುಗಿ
ಬಗಲಲ್ಲಿ ಕೈ ಇಟ್ಟುಕೊಂಡಿದ್ದೆವು.

ಹೇಳಿದೆ. ಕೇಳಿದಳು.
"ಛಲೋ ಆತು. ಅಲ್ಲೀ ಹೆಂಗಸರಿಗೆ
ದೀಪ ಆರಸೂದು ಯಾರ ಕಲಿಸಿದ್ರು?"

ಉತ್ತರ ನನ್ನ ಯಂತ್ರದಲ್ಲಿರಲಿಲ್ಲ.
ಅದು ಕಿರ್ರೆಂದು ಸೊನ್ನೆ ರೂಪಾಯಿಯ ಚೀಟಿ ಹೆರಿತು.
ನಾಲ್ಕು ಮಡಿಕೆ ಮಾಡಿ
ಅಲುಗುವ ಮಗ್ಗದ ಕಾಲಿಗೆ ಕೊಟ್ಟಳು.

ಮೀಟರು ಕಾಣಲೆಂದು ನನಗಾಗಿ ಹಾಕಿದ ದೀಪ
ಪಟ್ಟನೆ ಆರಿತು.
ನಾನಿನ್ನೂ ಹೊಸ್ತಿಲಲ್ಲಿ
ಚಪ್ಪಲಿ ತಡಕುತ್ತಿದ್ದೆ.