ಬ್ಯಾಟರಿ ನಿಲ್ಲುತ್ತಿಲ್ಲ

ಪುಂತಾ ಅರೇನಾಸ್‌ನಲ್ಲಿ ನವೆಂಬರ್ ಬಂತೆಂದರೆ
ನಗರಸಭೆಯವರು ಬೀದಿ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಗಾಳಿಗೆ ಜನ ಹಾರಿಹೋಗದಿರಲೆಂದು.
ಆ ಹಗ್ಗ ಹಿಡಿದುಕೊಂಡೇ ಬಂದಳು ಹುಡುಗಿ,
ಶಾಲೆಯ ಸಮವಸ್ತ್ರ, ಬಾಯಿತುಂಬ ಕೂದಲು.
ಕೌಂಟರಿನ ಮೇಲೆ ಫೋನಿಟ್ಟು ಅಂದಳು:
'ಬ್ಯಾಟರಿ ನಿಲ್ಲುತ್ತಿಲ್ಲ. ಮಧ್ಯಾಹ್ನಕ್ಕೇ ಸಾಯುತ್ತೆ.'

ಹೆಸರು? 'ಮಿಯಾರಾಯ್.' ವಯಸ್ಸು ಕೇಳಲಿಲ್ಲ.
ಪಾಸ್‌ವರ್ಡು? ತುಸು ತಡೆದಳು.
ಒಬ್ಬ ಹುಡುಗ ಹುಟ್ಟಿದ ದಿನ. ಅವನೇ ಇಟ್ಟದ್ದಂತೆ.

ಹತ್ತೊಂಬತ್ತು ವರ್ಷ ಫೋನುಗಳ ಹೊಟ್ಟೆ ಬಿಚ್ಚಿದವಳು ನಾನು;
ಸೋಪಿನ ನೀರು, ಬಿಯರು, ಒಮ್ಮೆ ಏಡಿಯ ಸಾರು,
ಎಲ್ಲ ಒರೆಸಿದ್ದೇನೆ. ಈ ಬ್ಯಾಟರಿ ಗಟ್ಟಿಮುಟ್ಟು,
ನೂರಕ್ಕೆ ತೊಂಬತ್ತಾರು. ತಿನ್ನುತ್ತಿದ್ದದ್ದು ಬೇರೆ:
ನಿಮಿಷಕ್ಕೊಮ್ಮೆ ಎದ್ದು
ಇಲ್ಲಿದ್ದಾಳೆ, ಇಲ್ಲಿದ್ದಾಳೆ, ಈಗ ಇಲ್ಲಿದ್ದಾಳೆ
ಎಂದು ಯಾರಿಗೋ ಚಾಡಿ ಹೇಳುವ ಪುಟ್ಟ ನೀಲಿ ಚುಕ್ಕಿ.

ಅಷ್ಟರಲ್ಲೇ ಪರದೆ ಬೆಳಗಿತು.
ಗಾಸ್ಪರ್: ಬೋರಿಯೆಸ್ ಬೀದಿಯಲ್ಲಿ ಏನ್ ಮಾಡ್ತಿದೀಯ
ಗಾಸ್ಪರ್: ಆರು ನಿಮಿಷ ಆಯ್ತು
ಗಾಸ್ಪರ್: ಫೋಟೊ ಕಳಿಸು. ಹಿಂದಿನ ಗೋಡೆ ಕಾಣಬೇಕು
ಗಾಸ್ಪರ್: ಸಾರಿ ಚಿನ್ನ. ನೀನಿಲ್ಲದೆ ಉಸಿರು ಕಟ್ಟುತ್ತೆ

ಅವಳು ನನ್ನ ಗೋಡೆಗೆ ಬೆನ್ನು ಕೊಟ್ಟು
ಚಾರ್ಜರುಗಳ ಗೊಂಚಲಿನ ಕೆಳಗೆ
ನಕ್ಕಳು. ಕ್ಲಿಕ್ಕಾದ ಮೇಲೆ ಆ ನಗು
ಎಲ್ಲಿ ಹೋಯಿತೋ.
'ತುಂಬಾ ಪ್ರೀತಿ ಅವನಿಗೆ,' ಅಂದಳು,
ನನ್ನ ಕ್ಷಮೆ ಕೇಳುವ ಹಾಗೆ.

ನನಗೆ ಗೊತ್ತು ಆ ದನಿ.
ನನ್ನ ಕಾಲದಲ್ಲಿ ಚುಕ್ಕಿ ಇರಲಿಲ್ಲ, ಓಸ್ವಾಲ್ದೊ ಇದ್ದ.
ಎದುರಿನ ದೀಪದ ಕಂಬಕ್ಕೆ ಒರಗಿ ಹಿಮದಲ್ಲೂ ನಿಲ್ಲುತ್ತಿದ್ದ.
ಕಿಟಕಿಯ ಬಟ್ಟೆ ಸರಿಸಿ ಅಮ್ಮ ಅನ್ನುತ್ತಿದ್ದಳು:
'ನೋಡೇ, ಎಂಥ ಚಳಿಯಲ್ಲಿ ಕಾಯ್ತಿದ್ದಾನೆ. ಪುಣ್ಯವಂತೆ ನೀನು.'
ನಂಬಿದೆ. ಎರಡು ಚಳಿಗಾಲ ನಂಬಿದೆ.
ಮೂರನೆಯದಕ್ಕೆ... ಬಿಡಿ, ಅದು ಇವಳ ಕತೆಯಲ್ಲ.

'ಇದನ್ನು ಆರಿಸಲೇ?' ಎಂದೆ.
'ಬೇಡ, ಬೇಡ! ಆರಿಸಿದರೆ ಅವನಿಗೆ ಗೊತ್ತಾಗುತ್ತೆ.'
ಆಮೇಲೆ ನನ್ನ ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತ, ಮೆಲ್ಲಗೆ:
'ಸೆನ್ಯೋರಾ, ಫೋನು ಇಲ್ಲೇ ಉಳಿಯಬೇಕು ಅಂತ
ರಸೀದಿ ಬರೆಯಬಹುದಾ? ಒಂದು ರಾತ್ರಿ. ಒಂದೇ.'

ಚೆನ್ನಾಗಿರುವುದನ್ನು ಕೆಟ್ಟಿದೆ ಎಂದು ಬರೆದವಳಲ್ಲ ನಾನು.
ಬರೆದೆ. ಬ್ಯಾಟರಿ ತೀರಾ ಹಾಳು. ಬಿಡಿಭಾಗ
ಸಾಂತಿಯಾಗೊದಿಂದ ಬರಬೇಕು. ಮೂರು ದಿನ.
ಮೊಹರು ಎರಡು ಸಲ ಒತ್ತಿದೆ.
ಅದರ ಫೋಟೊ ಅವನಿಗೆ ಕಳಿಸಿ
ಬಿಸಿ ಪಾತ್ರೆ ಕೆಳಗಿಟ್ಟ ಹಾಗೆ ಫೋನು ಇಟ್ಟಳು.

ಬಾಗಿಲಲ್ಲಿ ನಿಂತು ಜೇಬು ತಟ್ಟಿಕೊಂಡಳು,
ಏನೋ ಮರೆತವರ ಹಾಗೆ. ನೆನಪಾಯಿತೇನೋ.
ಮನೆಯ ಕಡೆ ತಿರುಗಬೇಕಾದವಳು
ಜಲಸಂಧಿಯ ಕಡೆ ತಿರುಗಿದಳು.
ಗಾಳಿ ಅವಳನ್ನು ಅರ್ಧ ಎತ್ತಿತು.
ಹಗ್ಗ ಅಲ್ಲೇ ಇತ್ತು. ಹಿಡಿದಳೋ ಇಲ್ಲವೋ, ಕಾಣಲಿಲ್ಲ.

ರಾತ್ರಿ ಬೀಗ ಹಾಕುವಾಗ ಡ್ರಾಯರು ಗುಂಯ್‌ಗುಡುತ್ತಿತ್ತು,
ಬೆಂಕಿಪೆಟ್ಟಿಗೆಯಲ್ಲಿ ಹಿಡಿದಿಟ್ಟ ಜೀರುಂಡೆ.
ಅಂಗಡಿಯಲ್ಲಿದೆಯೆಂದು ತಿಳಿದೂ ಅರವತ್ತೊಂದು. ಅರವತ್ತೆರಡು.
ಚುಕ್ಕಿ ಮಾತ್ರ ತನ್ನ ಪಾಡಿಗೆ
ಇಲ್ಲಿದ್ದಾಳೆ, ಇಲ್ಲಿದ್ದಾಳೆ ಎಂದು
ಖಾಲಿ ಅಂಗಡಿಯನ್ನು ತೋರಿಸುತ್ತಿತ್ತು.
ಚಾರ್ಜಿಗೆ ಹಾಕಲಿಲ್ಲ. ಬೆಳಿಗ್ಗೆ ಮುಟ್ಟಿದರೆ ತಣ್ಣಗಿತ್ತು.

ಇವತ್ತು ಮೂರನೆಯ ದಿನ.
ಬಾಗಿಲ ಗಂಟೆ ಅಲುಗಿದಾಗಲೆಲ್ಲ ತಲೆ ಎತ್ತುತ್ತೇನೆ, ಗಾಳಿ.
ಬಂದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ.
ಬಿಡಿಭಾಗ ಇನ್ನೂ ಬಂದಿಲ್ಲ, ಅನ್ನಲೇ?